ಸಲಾಯಿನ್ ಬಾಟಲಿಗೊಂದು ಎಚ್ಚರಿಕೆ ಗಂಟೆ: ವಿದ್ಯಾರ್ಥಿ ತಂಡ ವೈದ್ಯಕೀಯ ಉಪಕರಣ ಕಟ್ಟುವುದು ಹೇಗೆ?

ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋದರೆ ಒಂದಾದರೂ ಟೇಬಲ್ ಮೇಲೆ ಸಲಾಯಿನ್ ಬಾಟಲಿ ತೂಗಾಡುತ್ತಿರುತ್ತದೆ. ಬಾಟಲಿ ಖಾಲಿಯಾದರೆ ಬಜರ್ ಕೂಗುತ್ತದೆ, ಮೊಬೈಲಿಗೆ ಸಂದೇಶ ಬರುತ್ತದೆ, ತೀರ್ಪುಗಾರರು ತಲೆದೂಗುತ್ತಾರೆ. ಅಷ್ಟಾಗಿಯೂ ಆ ಉಪಕರಣ ವಾರ್ಡಿಗೆ ಹೋಗಿ ಒಂದು ರಾತ್ರಿ ದುಡಿಯುವುದು ಅಪರೂಪ. ಬಹುತೇಕ ತಂಡಗಳು ವಾರ್ಡಿನ ಹೊಸ್ತಿಲು ತುಳಿಯುವ ಮೊದಲೇ ಏನು ಕಟ್ಟಬೇಕೆಂದು ತೀರ್ಮಾನಿಸಿರುತ್ತವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ವಿದ್ಯಾರ್ಥಿ ತಂಡಗಳು ಈ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಅದೇ ಸಲಾಯಿನ್ ಗಂಟೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ತಂಡ ಮತ್ತು ಒಪ್ಪಿಗೆ ಪತ್ರ

ಐದಾರು ಜನ ಸಾಕು. ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್‌ನಿಂದ ಒಬ್ಬೊಬ್ಬರು, ಜೊತೆಗೆ ಒಬ್ಬ ನರ್ಸಿಂಗ್ ವಿದ್ಯಾರ್ಥಿ ಅಥವಾ ಎಂಬಿಬಿಎಸ್ ಇಂಟರ್ನ್ ಕಡ್ಡಾಯ. ಆಸ್ಪತ್ರೆಯ ಬಯೋಮೆಡಿಕಲ್ ತಂತ್ರಜ್ಞರನ್ನು ಮೊದಲ ವಾರದಲ್ಲೇ ಪರಿಚಯ ಮಾಡಿಕೊಳ್ಳಿ. ಕೆಟ್ಟ ಯಂತ್ರಗಳೆಲ್ಲ ಕೊನೆಗೆ ಅವರ ಕೋಣೆಗೇ ಬರುತ್ತವೆ. ಯಾವುದು ಏಕೆ ಕೆಡುತ್ತದೆ ಎಂದು ಅವರಷ್ಟು ಚೆನ್ನಾಗಿ ಬಲ್ಲವರು ಕಾಲೇಜಿನಲ್ಲಿ ಯಾರೂ ಸಿಗುವುದಿಲ್ಲ.

ಈ ಮೂರು ಊರುಗಳಿಗೆ ಒಂದು ಅನುಕೂಲವಿದೆ. ಬೆಳಗಾವಿಯಲ್ಲಿ ಕೆಎಲ್ಇ, ಬಾಗಲಕೋಟೆಯಲ್ಲಿ ಬಿ.ವಿ.ವಿ. ಸಂಘ, ವಿಜಯಪುರದಲ್ಲಿ ಬಿಎಲ್‌ಡಿಇ – ಮೂರೂ ಸಂಸ್ಥೆಗಳು ಎಂಜಿನಿಯರಿಂಗ್ ಶಿಕ್ಷಣವನ್ನೂ ವೈದ್ಯಕೀಯ ಶಿಕ್ಷಣವನ್ನೂ ಒಂದೇ ಊರಿನಲ್ಲಿ ನಡೆಸುತ್ತಿವೆ. ವಿಭಾಗದ ಮುಖ್ಯಸ್ಥರ ಮೂಲಕ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರಿಗೆ ಪತ್ರ ಬರೆಯಿರಿ. ಯಾವ ವಾರ್ಡು, ಯಾವ ದಿನಾಂಕ, ಎಷ್ಟು ಜನ ಎಂಬುದು ಅದರಲ್ಲಿರಲಿ. ರೋಗಿಯ ಹೆಸರು, ಐಪಿ (ಒಳರೋಗಿ) ನಂಬರ್, ಫೋಟೊ ಯಾವುದನ್ನೂ ತೆಗೆದುಕೊಳ್ಳುವುದಿಲ್ಲ ಎಂದೂ ಸ್ಪಷ್ಟವಾಗಿ ಬರೆಯಿರಿ.

ವಾರ್ಡಿನಲ್ಲಿ ನಿಲ್ಲುವುದು

"ನಿಮಗೆ ಯಾವ ಉಪಕರಣ ಬೇಕು?" ಎಂದು ಸಿಸ್ಟರನ್ನು ಕೇಳಬೇಡಿ. ಸೌಜನ್ಯಕ್ಕೆ ಏನೋ ಒಂದು ಹೇಳಿ ಕಳಿಸುತ್ತಾರೆ. ಸುಮ್ಮನೆ ಮೂಲೆಯಲ್ಲಿ ನಿಂತು ನೋಡಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರೂ ಪಾಳಿ ನೋಡಬೇಕು, ರಾತ್ರಿಯದನ್ನಂತೂ ತಪ್ಪಿಸಲೇಬಾರದು. ಗಂಟೆ, ಯಾರು, ಏನು ಮಾಡಿದರು, ಎಷ್ಟು ಹೊತ್ತು ಹಿಡಿಯಿತು – ಇಷ್ಟನ್ನೇ ಪುಸ್ತಕದಲ್ಲಿ ಬರೆದುಕೊಳ್ಳಿ. ಪ್ಲಾಸ್ಟರ್ ಹಚ್ಚಿ, ದಾರ ಕಟ್ಟಿ, ಕೈಗವಸಿನ ತುಂಡು ಸುತ್ತಿ ಹೊಂದಿಸಿಕೊಂಡ ಜಾಗಗಳಿಗೆ ವಿಶೇಷ ಗುರುತು ಹಾಕಿ; ಅಲ್ಲಿ ನಿಜವಾದ ಕೊರತೆ ಅಡಗಿರುತ್ತದೆ. ಯಾವ ಯಂತ್ರದ ಕೂಗಿಗೆ ಯಾರೂ ತಲೆ ಎತ್ತುವುದಿಲ್ಲ ಎಂಬುದನ್ನೂ ಗಮನಿಸಿ.

ಸಲಾಯಿನ್ ವಿಷಯದಲ್ಲಿ ಕಾಣುವುದು ಇಷ್ಟು: ರೋಗಿಯ ಕಡೆಯವರೊಬ್ಬರು ನಿದ್ದೆಗೆಟ್ಟು ಬಾಟಲಿಯನ್ನೇ ನೋಡುತ್ತ ಕೂತಿರುತ್ತಾರೆ. ಅವರಿಗೆ ಜೋಂಪು ಹತ್ತಿದಾಗ ಬಾಟಲಿ ಖಾಲಿಯಾಗುತ್ತದೆ, ರಕ್ತ ಕೊಳವೆಗೆ ಹಿಮ್ಮುಖವಾಗಿ ಏರಿ ಹೆಪ್ಪುಗಟ್ಟುತ್ತದೆ, ಸೂಜಿ ಕಟ್ಟಿಕೊಂಡು ಮತ್ತೊಮ್ಮೆ ಚುಚ್ಚಬೇಕಾಗುತ್ತದೆ.

ಒಂದು ವಾಕ್ಯ

ನೋಡಿದ್ದನ್ನು ಒಂದೇ ವಾಕ್ಯಕ್ಕೆ ಇಳಿಸಿ. ಯಾರಿಗೆ, ಯಾವ ತೊಂದರೆ, ಏನಾದರೆ ಸಾಕು – ಮೂರೂ ಅದರಲ್ಲಿರಬೇಕು. "ಐಒಟಿ ಆಧಾರಿತ ಸ್ಮಾರ್ಟ್ ಸಲಾಯಿನ್ ವ್ಯವಸ್ಥೆ" ಎಂಬುದು ವಾಕ್ಯವೇ ಅಲ್ಲ. "ಒಬ್ಬರೇ ನರ್ಸ್ ಇರುವ ಜನರಲ್ ವಾರ್ಡಿನ ರಾತ್ರಿ ಪಾಳಿಯಲ್ಲಿ, ಬಾಟಲಿ ಮುಗಿಯಲು 15 ನಿಮಿಷ ಇರುವಾಗಲೇ ಯಾವ ಹಾಸಿಗೆ ಎಂದು ನರ್ಸ್ ಟೇಬಲ್ಲಿಗೆ ತಿಳಿಯಬೇಕು" – ಇದು ಸರಿ. ಮುಂದಿನ ಎಲ್ಲ ಜಗಳಗಳನ್ನೂ ಈ ವಾಕ್ಯದ ಮುಂದೆ ತಂದು ನಿಲ್ಲಿಸಿ. ಡಾಕ್ಟರ ಮೊಬೈಲಿಗೆ ಸಂದೇಶ ಕಳಿಸಬೇಕೇ? ವಾಕ್ಯದಲ್ಲಿಲ್ಲ, ಬೇಡ. ಕೊಳವೆಯನ್ನು ತಾನೇ ಮುಚ್ಚುವ ಮೋಟರ್ ಬೇಕೇ? ಖಂಡಿತ ಬೇಡ. ತಿಳಿಸುವ ಉಪಕರಣ ತಪ್ಪಿದರೆ ಬಾಟಲಿ ಖಾಲಿಯಾಗುತ್ತದೆ. ಹರಿವನ್ನು ನಿಯಂತ್ರಿಸುವ ಉಪಕರಣ ತಪ್ಪಿದರೆ ಔಷಧದ ಪ್ರಮಾಣವೇ ತಪ್ಪುತ್ತದೆ. ವಿದ್ಯಾರ್ಥಿ ತಂಡ ಆ ಗೆರೆ ದಾಟಬಾರದು.

ಪರಿಹಾರದಲ್ಲಿ ಎಲೆಕ್ಟ್ರಾನಿಕ್ಸ್ ಇರಲೇಬೇಕೆಂಬ ಹಟವೂ ಬೇಡ. ಹೆರಿಗೆಯ ನಂತರದ ರಕ್ತಸ್ರಾವ ಅಳೆಯುವ ಬ್ರಾಸ್-ವಿ ಡ್ರೇಪ್ ಎಂಬುದು ಅಳತೆ ಗೆರೆಗಳಿರುವ ಚೀಲ ಜೋಡಿಸಿದ ಒಂದು ಪ್ಲಾಸ್ಟಿಕ್ ಹಾಳೆ, ಅಷ್ಟೇ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಅಮೆರಿಕದ ವಿಶ್ವವಿದ್ಯಾಲಯಗಳ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಸಂಶೋಧನೆಯ ವೇಳೆ ಹುಟ್ಟಿದ್ದು. ಕಣ್ಣಂದಾಜಿನ ಲೆಕ್ಕ ಡ್ರೇಪಿನ ಅಳತೆಗಿಂತ ಶೇ. 33ರಷ್ಟು ಕಡಿಮೆ ಬರುತ್ತದೆ ಎಂದು 2006ರಲ್ಲಿ ಪ್ರಕಟವಾದ ಹೋಲಿಕೆ ತೋರಿಸಿತು. ಇಂಥದೇ ಅಳತೆ ಡ್ರೇಪ್ ಆಫ್ರಿಕದ ನಾಲ್ಕು ದೇಶಗಳ ದೊಡ್ಡ ಅಧ್ಯಯನವೊಂದರಲ್ಲಿ ಬಳಕೆಯಾಗಿ, ಅದರ ಫಲಿತಾಂಶ 2023ರಲ್ಲಿ ಬಂತು. ಬ್ಯಾಟರಿ ಇಲ್ಲ, ಆ್ಯಪ್ ಇಲ್ಲ.

ತೂಕವೋ ಹನಿಯೋ?

ಸಲಾಯಿನ್ ಅಳೆಯಲು ಎರಡು ದಾರಿ. ಹನಿ ಎಣಿಸುವುದು ಒಂದು, ಬಾಟಲಿ ತೂಗುವುದು ಇನ್ನೊಂದು.

ಸಾಮಾನ್ಯ ಡ್ರಿಪ್ ಸೆಟ್‌ನಲ್ಲಿ 20 ಹನಿಗೆ 1 ಮಿ.ಲೀ., ಮೈಕ್ರೋ ಸೆಟ್‌ನಲ್ಲಿ 60 ಹನಿಗೆ 1 ಮಿ.ಲೀ. 500 ಮಿ.ಲೀ. ಬಾಟಲಿಯನ್ನು 4 ಗಂಟೆಯಲ್ಲಿ ಕೊಡಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ. ಇನ್‌ಫ್ರಾರೆಡ್ ಎಲ್ಇಡಿ ಒಂದು ಕಡೆ, ಫೋಟೊ ಟ್ರಾನ್ಸಿಸ್ಟರ್ ಇನ್ನೊಂದು ಕಡೆ ಇಟ್ಟರೆ ಲ್ಯಾಬಿನಲ್ಲಿ ಸೊಗಸಾಗಿ ಎಣಿಸುತ್ತದೆ. ವಾರ್ಡಿನಲ್ಲಿ ಹನಿ ಬೀಳುವ ಚೇಂಬರಿನ ಒಳಗೋಡೆಗೆ ಹನಿಗಳು ಅಂಟಿ ಮಬ್ಬಾಗುತ್ತದೆ, ಯಾರೋ ಹಿಂಡಿದಾಗ ಚೇಂಬರ್ ತುಂಬಿ ಹನಿಯೇ ಕಾಣದಾಗುತ್ತದೆ, ಕಿಟಕಿಯ ಬಿಸಿಲು ಬಿದ್ದರೆ ಸೆನ್ಸರ್ ಕುರುಡಾಗುತ್ತದೆ. ಬಿಸಿಲಿಗೆ ಮದ್ದು ಉಂಟು: ಎಲ್ಇಡಿಯನ್ನು ಸೆಕೆಂಡಿಗೆ ಸಾವಿರ ಸಲ ಹೊತ್ತಿಸಿ ಆರಿಸಿ, ಹೊತ್ತಿದಾಗಿನ ಓದಿನಿಂದ ಆರಿದಾಗಿನದನ್ನು ಕಳೆಯಿರಿ. ಟಿವಿ ರಿಮೋಟಿನ ರಿಸೀವರನ್ನು ಮಾತ್ರ ಇದಕ್ಕೆ ಬಳಸಬೇಡಿ. ಬಿಡದೆ ಬರುವ ಸಂಕೇತವನ್ನು ಅದು ಗದ್ದಲವೆಂದು ತಿಳಿದು ತಾನೇ ಅದುಮಿಬಿಡುತ್ತದೆ.

ನಮ್ಮ ವಾಕ್ಯಕ್ಕೆ ತೂಕದ ದಾರಿಯೇ ಒಳ್ಳೆಯದು. 1 ಮಿ.ಲೀ. ಸಲಾಯಿನ್ ಹತ್ತಿರ ಹತ್ತಿರ 1 ಗ್ರಾಂ. 4 ಗಂಟೆಯ ಹರಿವಿನಲ್ಲಿ ನಿಮಿಷಕ್ಕೆ 2 ಗ್ರಾಂ ಇಳಿಯುತ್ತದೆ, 10 ನಿಮಿಷದಲ್ಲಿ 20 ಗ್ರಾಂ. ಇಷ್ಟು ತಿಳಿದರೆ ಮುಗಿಯಲು ಎಷ್ಟು ಹೊತ್ತು ಎಂದು ಲೆಕ್ಕ ಹಾಕಬಹುದು. "50 ಮಿ.ಲೀ. ಉಳಿದಾಗ ಕೂಗು" ಎಂದು ಸ್ಥಿರ ಗಡಿ ಇಟ್ಟರೆ 4 ಗಂಟೆಯ ಬಾಟಲಿಗೆ 24 ನಿಮಿಷ ಸಿಗುತ್ತದೆ, 1 ಗಂಟೆಯಲ್ಲಿ ಮುಗಿಸುವ ಬಾಟಲಿಗೆ ಬರೀ 6 ನಿಮಿಷ. ಆದ್ದರಿಂದಲೇ ವಾಕ್ಯದಲ್ಲಿ ಮಿ.ಲೀ. ಬದಲು ನಿಮಿಷ ಇರುವುದು.

ತೂಕ ಅಳೆಯುವ ಲೋಡ್ ಸೆಲ್ 1 ಕಿಲೋದ್ದು ಸಾಕೆನಿಸುತ್ತದೆ, ಸಾಲದು. ರೋಗಿ ಹೊರಳಿದಾಗ ಕೊಳವೆ ಜಗ್ಗುತ್ತದೆ, ಯಾರೋ ಅದೇ ಕೊಕ್ಕೆಗೆ ಟವೆಲ್ಲು, ಚೀಲ ತೂಗುಹಾಕುತ್ತಾರೆ. ಒಮ್ಮೆ ಬಾಗಿದ ಸೆಲ್ ಮತ್ತೆ ನೆಟ್ಟಗಾಗುವುದಿಲ್ಲ. 5 ಕಿಲೋ ಸೆಲ್ ತೆಗೆದುಕೊಳ್ಳಿ. 1 ಮಿಲಿವೋಲ್ಟ್/ವೋಲ್ಟ್ ಸೂಕ್ಷ್ಮತೆಯ ಸೆಲ್‌ಗೆ 5 ವೋಲ್ಟ್ ಕೊಟ್ಟರೆ ಪ್ರತಿ ಗ್ರಾಂಗೆ 1 ಮೈಕ್ರೋವೋಲ್ಟ್ ಸಿಗುತ್ತದೆ, ಎಚ್‌ಎಕ್ಸ್‌711 ಚಿಪ್ ಈ ಪುಟ್ಟ ಸಂಕೇತವನ್ನು ಆರಾಮವಾಗಿ ಓದುತ್ತದೆ. ಸೆಲ್ ಅತಿಯಾಗಿ ಬಾಗದಂತೆ ಕೆಳಗೆ ತಡೆ ತಿರುಪು ಇರಲಿ: 2 ಕಿಲೋ ತೂಗುಹಾಕಿ, ತಿರುಪು ಇನ್ನೇನು ತಾಗಬೇಕು ಎನ್ನುವಲ್ಲಿ ನಿಲ್ಲಿಸಿ ಲಾಕ್ ನಟ್ ಬಿಗಿಯಿರಿ.

ತಂಡಗಳನ್ನು ದಿನಗಟ್ಟಲೆ ಕಾಡುವ ದೋಷವೊಂದಿದೆ. ಎಚ್‌ಎಕ್ಸ್‌711ರ ಕ್ಲಾಕ್ ಪಿನ್ 60 ಮೈಕ್ರೋಸೆಕೆಂಡಿಗಿಂತ ಹೆಚ್ಚು ಹೊತ್ತು ಮೇಲೆ ನಿಂತರೆ ಚಿಪ್ ಮಲಗಿಬಿಡುತ್ತದೆ. ಇಎಸ್‌ಪಿ32 ಎಂಬ ವೈ-ಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್‌ನಲ್ಲಿ ವೈ-ಫೈ ಕೆಲಸ ನಡುವೆ ನುಗ್ಗಿದಾಗ ಹೀಗಾಗುತ್ತದೆ, ಆಗೊಮ್ಮೆ ಈಗೊಮ್ಮೆ ಹುಚ್ಚು ಓದು ಬರುತ್ತದೆ. 24 ಬಿಟ್ ಓದುವಷ್ಟು ಹೊತ್ತು ಇಂಟರಪ್ಟ್ (ನಡುವೆ ನುಗ್ಗುವ ಬೇರೆ ಕೆಲಸ) ತಡೆಯಿರಿ, ಮೇಲಾಗಿ 30 ಸೆಕೆಂಡಿನ ಓದುಗಳ ನಡುಬೆಲೆ (ಮೀಡಿಯನ್) ಹಿಡಿಯಿರಿ. ಸರಾಸರಿ ಬೇಡ, ಒಂದೇ ಹುಚ್ಚು ಓದು ಅದನ್ನು ಎಳೆದೊಯ್ಯುತ್ತದೆ. ತಾಪ ಏರಿದಂತೆ ಲೋಡ್ ಸೆಲ್‌ನ ಸೊನ್ನೆ ಜರುಗುವುದರಿಂದ, ವಿಜಯಪುರದ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ದಾಟುವ ವಾರ್ಡಿನಲ್ಲಿ ಪ್ರತಿ ಬಾಟಲಿ ಬದಲಿಸುವಾಗ ಸೊನ್ನೆ ಹೊಂದಿಸುವ ವ್ಯವಸ್ಥೆ ಬೇಕು. ಅದಕ್ಕೆಂದು ನರ್ಸ್ ಬಟನ್ ಒತ್ತಬೇಕಾದರೆ ಅದು ನಡೆಯದ ಮಾತು. ಕೊಕ್ಕೆ ಖಾಲಿಯಾದ ಕ್ಷಣ ತಾನೇ ಸೊನ್ನೆ ಮಾಡಿಕೊಳ್ಳಲಿ.

ಸುದ್ದಿ ಮುಟ್ಟಿಸಲು ಆಸ್ಪತ್ರೆಯ ವೈ-ಫೈ ನಂಬಬೇಡಿ; ಪಾಸ್‌ವರ್ಡ್ ಕೊಡುವುದಿಲ್ಲ, ಕೊಟ್ಟರೂ ಬದಲಿಸುತ್ತಾರೆ. ಇಎಸ್‌ಪಿ32ಗಳೇ ತಮ್ಮತಮ್ಮಲ್ಲಿ ಮಾತಾಡುವ ವಿಧಾನ ಸಾಕು. ದೂರಕ್ಕೆ ಸಂದೇಶ ಕಳಿಸುವ ಲೋರಾ ರೇಡಿಯೊ ಬೇಕೆಂದರೆ ಭಾರತದಲ್ಲಿ ಲೈಸೆನ್ಸ್ ಬೇಡದ 865–868 ಮೆಗಾಹರ್ಟ್ಸ್ ಪಟ್ಟಿಯದನ್ನೇ ಕೇಳಿ ತರಿಸಿ. ಆನ್‌ಲೈನಿನಲ್ಲಿ ಸಿಗುವ 915ರ ಮಾಡ್ಯೂಲ್ ಇಲ್ಲಿಯದಲ್ಲ.

ಪೆಟ್ಟಿಗೆ

ಮೊದಲು ರಟ್ಟಿನಲ್ಲಿ ಮಾಡಿ ನರ್ಸ್ ಕೈಗೆ ಕೊಡಿ. ಒಂದೇ ಕೈಯಲ್ಲಿ ಸಿಕ್ಕಿಸಲು ಬರದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ವಸ್ತುವಿನ ಆಯ್ಕೆ. ವಿದ್ಯಾರ್ಥಿಗಳಿಗೆ ಲೇಸರ್‌ನಲ್ಲಿ ಕತ್ತರಿಸಿದ ಅಕ್ರಿಲಿಕ್ ಎಂದರೆ ಪ್ರಾಣ. ವಾರ್ಡಿನಲ್ಲಿ ಅದನ್ನು ದಿನವೂ ಸ್ಪಿರಿಟ್‌ನಿಂದ ಒರೆಸುತ್ತಾರೆ, ಕತ್ತರಿಸಿದ ಅಂಚಿನಿಂದಲೇ ಕೂದಲೆಳೆಯ ಬಿರುಕು ಹರಡುತ್ತದೆ. 3ಡಿ ಮುದ್ರಣದ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ; ಬಿಸಿಲಲ್ಲಿ ನಿಂತ ಕಾರಿನಲ್ಲಿ ಮರೆತರೆ ಸೊಟ್ಟಗಾಗುತ್ತದೆ. ಪಿಇಟಿಜಿ ಅಥವಾ ಎಬಿಎಸ್ ಬಳಸಿ, ಪದರಗಳ ಸಂದಿಯಲ್ಲಿ ಕೊಳೆ ಕೂರದಂತೆ ಉಜ್ಜಿ ಲೇಪ ಕೊಡಿ. ಕೊಕ್ಕೆ, ಬ್ರಾಕೆಟ್ ಮಾತ್ರ ಲೋಹದ್ದೇ ಇರಲಿ. ಬೆಳಗಾವಿಯ ತಂಡಕ್ಕೆ ಉದ್ಯಮಬಾಗ್‌ನ ಯಂತ್ರಶಾಲೆಗಳು ಹತ್ತಿರ. ಡ್ರಾಯಿಂಗ್ ಇಲ್ಲದೆ ಹೋಗಬೇಡಿ, ಎಲ್ಲ ಅಳತೆಗೂ ±0.1 ಮಿ.ಮೀ. ನಿಖರತೆ ಬರೆದುಕೊಂಡೂ ಹೋಗಬೇಡಿ. ಲೋಡ್ ಸೆಲ್ ಕೂರುವ ತೂತುಗಳಿಗಷ್ಟೇ ಅದು ಬೇಕು, ಉಳಿದದ್ದಕ್ಕೆ ಸುಮ್ಮನೆ ದುಡ್ಡು ದಂಡ.

ಕರೆಂಟಿನ ಮಾತು

ಗೋಡೆಯ ಪ್ಲಗ್ಗಿಗೆ ಸಿಕ್ಕಿಸದೆ ಬ್ಯಾಟರಿಯಲ್ಲೇ ನಡೆಸಿ, ಚಾರ್ಜಿಂಗ್ ವಾರ್ಡಿನ ಹೊರಗೆ ಮಾಡಿ. ಅರ್ಧ ತಲೆನೋವು ಅಲ್ಲಿಗೇ ಕಳೆಯಿತು, ಕರೆಂಟ್ ಹೋದರೂ ಚಿಂತೆಯಿಲ್ಲ. 2500 ಎಂಎಎಚ್ ಬ್ಯಾಟರಿ ಸರಾಸರಿ 100 ಮಿಲಿ ಆಂಪಿಯರ್ ಎಳೆತಕ್ಕೆ ಕಾಗದದ ಮೇಲೆ 25 ಗಂಟೆ; ಒಂದು ರಾತ್ರಿಗೆ ಧಾರಾಳ.

ಬೇರೆ ಉಪಕರಣ ಕಟ್ಟುವವರಿಗೆ ಪ್ಲಗ್ ಅನಿವಾರ್ಯವಾದರೆ ಮೊಬೈಲ್ ಚಾರ್ಜರ್ ಸಲ್ಲದು. ವೈದ್ಯಕೀಯ ವಿದ್ಯುತ್ ಉಪಕರಣಗಳ ಸುರಕ್ಷತಾ ಮಾನದಂಡ ಐಇಸಿ 60601-1 ಪ್ರಕಾರ ರೋಗಿಯ ರಕ್ಷಣೆಗೆ ಎರಡು ಪದರ ಬೇಕು. 230 ವೋಲ್ಟ್ ಪೂರೈಕೆಗೆ ಅದರ ಅರ್ಥ 4000 ವೋಲ್ಟ್ ತಡೆಯುವ ನಿರೋಧನ, ಮೇಲ್ಮೈಯಲ್ಲಿ 8 ಮಿ.ಮೀ. ಅಂತರ. ದೇಹಕ್ಕೆ ತಾಗುವ ಬಿಎಫ್ ಬಗೆಯ ಭಾಗದಿಂದ ರೋಗಿಗೆ ಸೋರುವ ವಿದ್ಯುತ್ ಸಾಮಾನ್ಯ ಸ್ಥಿತಿಯಲ್ಲಿ 100 ಮೈಕ್ರೋ ಆಂಪಿಯರ್, ಒಂದು ದೋಷ ಇರುವಾಗ 500 ಮೀರಬಾರದು. ಇದನ್ನು ನೀವೇ ಕಟ್ಟುವ ಬದಲು ಪ್ರಮಾಣೀಕೃತ ಮೆಡಿಕಲ್ ಗ್ರೇಡ್ ಪೂರೈಕೆ ಕೊಳ್ಳುವುದು ಬುದ್ಧಿವಂತಿಕೆ.

ತಪ್ಪುಗಳ ಪಟ್ಟಿ ಮತ್ತು ಪರೀಕ್ಷೆ

ಐಎಸ್‌ಒ 14971 ಎಂಬ ಅಪಾಯ ನಿರ್ವಹಣೆಯ ಮಾನದಂಡ ಹೇಳುವ ಕ್ರಮದಲ್ಲಿ ಒಂದು ಹಾಳೆ ಮಾಡಿ: ಏನು ಕೆಡಬಹುದು, ಅದರಿಂದ ಯಾರಿಗೆ ಏನಾಗುತ್ತದೆ, ತಡೆಯುವುದು ಹೇಗೆ. ಮೊದಲು ವಿನ್ಯಾಸದಲ್ಲೇ ತಡೆ, ಆಗದಿದ್ದರೆ ರಕ್ಷಣೆ, ಎಚ್ಚರಿಕೆ ಚೀಟಿ ಅಂಟಿಸುವುದು ಕೊನೆಗೆ.

ಅತ್ಯಂತ ಅಪಾಯದ್ದು ಮೌನವಾಗಿ ಸಾಯುವುದು. ಬ್ಯಾಟರಿ ಮುಗಿದು ಗಂಟೆ ಸುಮ್ಮನಾಗಿರುತ್ತದೆ, ರೋಗಿಯ ಕಡೆಯವರು ಅದನ್ನೇ ನಂಬಿ ಮಲಗಿರುತ್ತಾರೆ. ಪ್ರತಿ ಘಟಕವೂ 30 ಸೆಕೆಂಡಿಗೊಮ್ಮೆ "ಇದ್ದೇನೆ" ಎಂದು ಹೇಳಲಿ. 2 ನಿಮಿಷ ಕೇಳದಿದ್ದರೆ ನರ್ಸ್ ಟೇಬಲ್ಲಿನ ರಿಸೀವರ್ ಕೂಗಲಿ. ಸೆಲ್‌ನ ತಂತಿ ಹರಿದು ಓದು ತುದಿಗೆ ಅಂಟಿಕೊಂಡರೆ ಅದನ್ನು "ಬಾಟಲಿ ತುಂಬಿದೆ" ಎಂದು ಓದಬಾರದು, ದೋಷವೆಂದೇ ತೋರಿಸಬೇಕು. ಇನ್ನೊಂದು ಅಪಾಯ ಸುಳ್ಳು ಕೂಗು. ಒಂದು ರಾತ್ರಿಯಲ್ಲಿ ಮೂರು ಸಲ ಸುಮ್ಮನೆ ಕೂಗಿದ ಯಂತ್ರದ ಸ್ವಿಚ್ಚು ನಾಲ್ಕನೆಯ ಸಲ ಆರಿರುತ್ತದೆ, ಅದಕ್ಕೆ ನರ್ಸನ್ನು ದೂರಿ ಫಲವಿಲ್ಲ.

ಪರೀಕ್ಷೆಗೆ ನಿಜವಾದ ಡ್ರಿಪ್ ಸೆಟ್, ಒಂದು ಬಕೆಟ್, 1 ಗ್ರಾಂ ನಿಖರತೆಯ ತಕ್ಕಡಿ ಬೇಕು. ನಿಮಿಷಕ್ಕೆ 20, 42, 60 ಹನಿಯಲ್ಲಿ ಓಡಿಸಿ. ಫ್ಯಾನ್ ಹಚ್ಚಿ, ಕೊಳವೆ ಜಗ್ಗಿ, ಸ್ಟ್ಯಾಂಡನ್ನು ಫರಸಿಯ ಸಂದಿಗಳ ಮೇಲೆ ಎಳೆದಾಡಿ, ರಿಸೀವರಿನ ಕರೆಂಟ್ ತೆಗೆಯಿರಿ. 60 ಓಟದಲ್ಲಿ ಒಂದೂ ತಪ್ಪಲಿಲ್ಲ ಎಂದು ಹಿಗ್ಗಬೇಡಿ: 3ನ್ನು ಓಟಗಳ ಸಂಖ್ಯೆಯಿಂದ ಭಾಗಿಸಿ. ತಪ್ಪುವ ಪ್ರಮಾಣ ಶೇ. 5ಕ್ಕಿಂತ ಕಡಿಮೆ ಎಂದಷ್ಟೇ, ಅದೂ ಶೇ. 95ರ ಭರವಸೆಯಲ್ಲಿ ಹೇಳಬಹುದು. ಶೇ. 1 ಎನ್ನಲು 300 ಓಟ ಬೇಕು.

ಕಾಗದಪತ್ರ

ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ರೋಗಿಯ ಬಾಟಲಿಗೆ ಇದನ್ನು ಸಿಕ್ಕಿಸುವಂತಿಲ್ಲ. ನರ್ಸಿಂಗ್ ವಿದ್ಯಾರ್ಥಿಗಳನ್ನು ಕೂಡಿಸಿ ಬಕೆಟ್ ಮೇಲೆ ಅಣಕು ವಾರ್ಡ್ ನಡೆಸಿದರೆ ಅರ್ಧಕ್ಕಿಂತ ಹೆಚ್ಚು ಕಲಿಕೆ ಅಲ್ಲೇ ಆಗುತ್ತದೆ. ನಂತರ ಬೇಕೆಂದರೆ ಸಮಿತಿಗೆ ಅರ್ಜಿ, ಅದೂ ಏಳನೇ ಸೆಮಿಸ್ಟರಿನಲ್ಲೇ. ಎಂಟನೆಯದರಲ್ಲಿ ಕೊಟ್ಟರೆ ಉತ್ತರ ಬರುವ ಹೊತ್ತಿಗೆ ವೈವಾ ಮುಗಿದಿರುತ್ತದೆ. ಒಪ್ಪಿಗೆ ಪತ್ರ ರೋಗಿ ಓದುವ ಭಾಷೆಯಲ್ಲಿರಬೇಕು. ಬೆಳಗಾವಿಯಲ್ಲಿ ಕನ್ನಡದ ಜೊತೆ ಮರಾಠಿಯದನ್ನೂ, ವಿಜಯಪುರದಲ್ಲಿ ಉರ್ದುವಿನದನ್ನೂ ಸಿದ್ಧ ಮಾಡಿ.

ದೇಶದಲ್ಲಿ 2017ರ ವೈದ್ಯಕೀಯ ಉಪಕರಣಗಳ ನಿಯಮ 2018ರ ಜನವರಿ 1ರಿಂದ ಜಾರಿಯಲ್ಲಿದೆ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಅದರ ಹಿಡಿತಕ್ಕೆ ಬಂದಿವೆ. ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ವರ್ಗ. ಥರ್ಮಾಮೀಟರ್ ಬಿ, ಹೃದಯದ ಕವಾಟ ಡಿ. ಪರೀಕ್ಷೆ, ಪ್ರಾತ್ಯಕ್ಷಿಕೆಗೆಂದು ಸ್ವಲ್ಪ ಪ್ರಮಾಣದಲ್ಲಿ ತಯಾರಿಸುವುದಕ್ಕೂ ಎಂಡಿ-12 ನಮೂನೆಯಲ್ಲಿ ಅರ್ಜಿ ಹಾಕಬೇಕು, ಪರವಾನಗಿ ಎಂಡಿ-13ರಲ್ಲಿ ಬರುತ್ತದೆ.

ಪೇಟೆಂಟ್ ಆಸೆಯಿದ್ದರೆ ಪ್ರದರ್ಶನದಲ್ಲಿ ಇಡುವ ಮೊದಲೇ ತಾತ್ಕಾಲಿಕ ವಿವರಣೆ ಸಲ್ಲಿಸಿ. ಪೂರ್ಣ ವಿವರಣೆಗೆ 12 ತಿಂಗಳ ಗಡುವು. ಮೊದಲು ಊರಿಗೆಲ್ಲ ತೋರಿಸಿ ಆಮೇಲೆ ಅರ್ಜಿ ಹಾಕಿದರೆ ನಿಮ್ಮ ಪ್ರದರ್ಶನವೇ ನಿಮಗೆ ಅಡ್ಡ ಬರುತ್ತದೆ. ಹಣಕ್ಕೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಯೋಜನೆ ಮೊದಲ ಬಾಗಿಲು; ಕಂಪನಿ ಕಟ್ಟುವ ಹಂತ ಬಂದರೆ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಸಂಸ್ಥೆ ಬೈರಾಕ್‌ನ ಬಿಗ್ ಅನುದಾನ 50 ಲಕ್ಷ ರೂಪಾಯಿವರೆಗೆ ಇದೆ.

ವೈವಾ ಮುಗಿದ ಮೇಲೆ ಮುಂದಿನ ಬ್ಯಾಚಿಗೆ ವರದಿಯ ಪ್ರತಿ ಮಾತ್ರ ಕೊಟ್ಟರೆ ಅವರು ಮತ್ತೆ ಸೊನ್ನೆಯಿಂದ ಹೊರಡುತ್ತಾರೆ. ವಾರ್ಡಿನ ಟಿಪ್ಪಣಿ ಪುಸ್ತಕ, ದಿನಾಂಕವಿರುವ ಡ್ರಾಯಿಂಗ್‌ಗಳು, ಪ್ರೋಗ್ರಾಮಿನ ಪ್ರತಿ ಆವೃತ್ತಿ, ತಪ್ಪುಗಳ ಹಾಳೆ, ಓಟಗಳ ಕಚ್ಚಾ ಅಂಕಿಗಳು, ಬಾಗಿದ ಲೋಡ್ ಸೆಲ್ ಸಹ ಒಂದೇ ಪೆಟ್ಟಿಗೆಯಲ್ಲಿ ಹಾಕಿ, ಮೇಲೆ ಆ ಒಂದು ವಾಕ್ಯ ಬರೆದು, ಗೈಡ್ ಸಹಿ ಹಾಕಿಸಿ ಒಪ್ಪಿಸಿ.