ದುಡ್ಡು ಕೊಟ್ಟು ತಂದ ಬಿಸಿಲು

ಹಣ್ಣು ತರಕಾರಿ ಒಣಗಿಸುವ ಕರೆಂಟಿನ ಡ್ರೈಯರ್ ತರಿಸಿ ಪೆಟ್ಟಿಗೆ ಬಿಚ್ಚಿದ ದಿನ ಅತ್ತೆ ಕೇಳಿದ್ದು ಒಂದೇ ಮಾತು: "ಅಂಗಳದಲ್ಲಿ ಬಿಟ್ಟಿ ಬೀಳೋ ಬಿಸಿಲಿಗೆ ದುಡ್ಡು ಕೊಟ್ಟು ಬಂದ್ಯಾ ಮಾರಾಯ್ತಿ?" ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಎರಡು ಮಳೆಗಾಲ ದಾಟಿದೆ, ಡಬ್ಬದಲ್ಲಿ ಒಣ ಹಲಸಿನ ತೊಳೆ ಬೂಷ್ಟು ಹಿಡಿಯದೆ ಕೂತಿದೆ. ಅದಕ್ಕೇ ಬರೆಯುವ ಧೈರ್ಯ ಬಂತು.

ನಮ್ಮದು ಸಾಗರದ ಕಡೆ. ಹಲಸು ಹಣ್ಣಾಗುವುದೂ ಮಳೆ ಹಿಡಿಯುವುದೂ ಒಟ್ಟೊಟ್ಟಿಗೆ. 2021ರ ಮಳೆಗಾಲದಲ್ಲಿ ಕೃಷಿ ಮಾಸಿಕ 'ಅಡಿಕೆ ಪತ್ರಿಕೆ'ಯ 'ಬಾಕಾಹು', ಅದೇ ಬಾಳೆಕಾಯಿ ಹುಡಿ, ಎಲ್ಲರ ಬಾಯಲ್ಲೂ ಇತ್ತಲ್ಲ, ಆಗ ನಾನೂ ಎರಡು ಗೊನೆ ಹೆಚ್ಚಿ ಒಲೆ ಮೇಲಿನ ಅಟ್ಟದಲ್ಲಿ ಹರವಿದ್ದೆ. ಹುಡಿಯೇನೋ ಆಯಿತು. ದೋಸೆ ಹೊಯ್ದರೆ ಬಚ್ಚಲೊಲೆ ವಾಸನೆ. ಡ್ರೈಯರ್ ಹುಚ್ಚು ಹತ್ತಿದ್ದು ಅಲ್ಲಿಂದ.

ಮೊದಲು ತರಿಸಿದ್ದು ದುಂಡನೆಯದು. ಪ್ಲಾಸ್ಟಿಕ್ ಟ್ರೇ ಒಂದರ ಮೇಲೊಂದು, ಫ್ಯಾನು, ಬಿಸಿ ಮಾಡುವ ಕಾಯಿಲು ಎರಡೂ ತಳದಲ್ಲಿ. ಮೂರೂವರೆ ಸಾವಿರವೋ ಏನೋ ಕೊಟ್ಟಿದ್ದೆ. ಕೆಳಗಿನ ಟ್ರೇಯ ತೊಳೆ ಕಟಕಟ ಅನ್ನುವಾಗ ಮೇಲಿನದು ಇನ್ನೂ ಜೊಳಜೊಳ. ಗಂಟೆಗೊಮ್ಮೆ ಟ್ರೇ ಅದಲುಬದಲು ಮಾಡುತ್ತಾ ರಾತ್ರಿ ಎರಡಕ್ಕೆಲ್ಲ ಎದ್ದದ್ದಿದೆ. ಬೇಗ ಆಗಲಿ ಎಂದು ಒಮ್ಮೆ ಕಾವನ್ನು 70 ಡಿಗ್ರಿಗೆ ಏರಿಸಿದೆ. ಆರೇ ಗಂಟೆಯೊಳಗೆ ತೊಳೆ ಚಂದ ಒಣಗಿದ ಹಾಗೆ ಕಂಡಿತು. ಸಂಭ್ರಮದಲ್ಲಿ ಡಬ್ಬಕ್ಕೆ ತುಂಬಿದೆ. ಹತ್ತು ದಿನ ಬಿಟ್ಟು ಮುಚ್ಚಳ ತೆಗೆದರೆ ಬಿಳಿ ಬೂಷ್ಟು, ಹುಳಿ ನಾತ. ಒಂದನ್ನು ಮುರಿದು ನೋಡಿದೆ: ಹೊರಗೆ ಚರ್ಮದ ಹಾಗೆ ಗಟ್ಟಿ ಪದರ, ನಡುವೆ ಬೆರಳಿಗೆ ಅಂಟುವ ಹಸಿ. ಕಾವು ಜಾಸ್ತಿಯಾಗಿ ಮೇಲೆ ಪದರ ಕಟ್ಟಿಬಿಟ್ಟಿತ್ತು, ಒಳಗಿನ ನೀರಿಗೆ ಹೊರಗೆ ಬರಲು ದಾರಿಯೇ ಇಲ್ಲ. ಒಣಗಿಸಿದ ತೊಳೆ ಅಷ್ಟೂ ಗೊಬ್ಬರದ ಗುಂಡಿಗೆ ಹೋಯಿತು. ಆ ಮಿಷನ್ನು ಸತ್ತದ್ದು ಮುರುಗಲಿನಿಂದ (ಪುನರ್ಪುಳಿ). ಸಿಪ್ಪೆಯ ರಸ ತೊಟ್ಟಿಕ್ಕಿ ತಳದ ಫ್ಯಾನಿಗೆ ಇಳಿದು, ಸುಟ್ಟ ವಾಸನೆ ಬಂದು, ಮುಗಿಯಿತು.

ನಡುವೆ ನನ್ನದೇ ಒಂದು ಆವಿಷ್ಕಾರ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಹಳೇ ಗೋದ್ರೇಜ್ ಕಪಾಟು, ತಳದಲ್ಲಿ ನೂರು ವ್ಯಾಟಿನ ನಾಲ್ಕು ಬಲ್ಬು, ಕಂಪ್ಯೂಟರಿನ ಒಂದು ಫ್ಯಾನು. ಖರ್ಚು ಎಂಟುನೂರರ ಒಳಗೆ. ಕರಿಬೇವು ಚೆನ್ನಾಗಿ ಒಣಗಿತು. ಬಾಳೆಹಣ್ಣು ಇಟ್ಟ ರಾತ್ರಿ ಊರಿನ ಇರುವೆಯೆಲ್ಲ ಒಳಗೆ. ನಮ್ಮನೆಯವರು ಈಗಲೂ ಆ ಕಪಾಟಿಗೆ "ನಿನ್ನ ಫ್ಯಾಕ್ಟರಿ" ಅಂತಾರೆ.

ಇಷ್ಟೆಲ್ಲ ಕಳೆದುಕೊಂಡ ಮೇಲೆ ತಲೆಗೆ ಹೋದದ್ದು ಒಂದೇ: ವ್ಯಾಟು, ಟ್ರೇ ಲೆಕ್ಕ, ಡಿಜಿಟಲ್ ಗುಂಡಿ ಎಲ್ಲ ಆಮೇಲೆ. ಮೊದಲು ನೋಡಬೇಕಾದ್ದು ಗಾಳಿ. ಫ್ಯಾನು ಹಿಂದಿನ ಗೋಡೆಯಲ್ಲಿದ್ದು ಗಾಳಿ ಪ್ರತಿ ಟ್ರೇಯ ಮೇಲೂ ಅಡ್ಡಲಾಗಿ ಹಾಯಬೇಕು. ರಸ ಸುರಿದರೂ ಫ್ಯಾನಿಗೆ ತಾಗುವುದಿಲ್ಲ.

ಶಿವಮೊಗ್ಗದಲ್ಲಿ ಒಬ್ಬರು ಹತ್ತು ಸ್ಟೀಲ್ ಟ್ರೇಯ ಪೆಟ್ಟಿಗೆ ಮಾದರಿಯದನ್ನು ಮಾರುತ್ತಿದ್ದಾರೆ ಎಂದು ಗೊತ್ತಾಯಿತು. ಹೊಸದಾದರೆ ಹದಿನೈದು ಸಾವಿರದ ಮೇಲಿತ್ತು, ಒಂಬತ್ತಕ್ಕೆ ಇಳಿಸಿದೆ. ದುಡ್ಡು ಕೊಡುವ ಮೊದಲು ಟಿಶ್ಯೂ ಪೇಪರನ್ನು ಸಣ್ಣ ಪಟ್ಟಿ ಸೀಳಿ, ಹತ್ತೂ ಟ್ರೇಗೆ ಮುಂದೊಂದು ಹಿಂದೊಂದು ಕಟ್ಟಿ, ಫ್ಯಾನು ಹಾಕಿಸಿದೆ. ಅವರು ನನ್ನನ್ನು ನೋಡಿದ ರೀತಿ! ಎಂಟು ಟ್ರೇಯಲ್ಲಿ ಪಟ್ಟಿ ಕುಣಿಯಿತು, ಮೇಲಿನ ಎರಡರಲ್ಲಿ ಬರೀ ನಡುಗಿತು. ಅದನ್ನೇ ಹಿಡಿದು ಇನ್ನೈನೂರು ಇಳಿಸಿದೆ. ಮುನ್ನೂರು ರೂಪಾಯಿಯ ಓವನ್ ಥರ್ಮಾಮೀಟರನ್ನೂ ಒಯ್ದಿದ್ದೆ. 60 ಅಂತ ಇಟ್ಟರೆ ಹಿಂದೆ 60, ಬಾಗಿಲ ಹತ್ತಿರ 53. ಇಷ್ಟು ಪರವಾಗಿಲ್ಲ, ನಡುವೆ ಒಮ್ಮೆ ಟ್ರೇ ತಿರುಗಿಸಿದರೆ ಸಾಕು.

ಈಗಿನ ಲೆಕ್ಕ: ಬಕ್ಕೆ (ಗಟ್ಟಿ ತೊಳೆಯ) ಹಲಸಿನ ಸೀಳಿದ ತೊಳೆ ಮೂರೂವರೆ ಕೆ.ಜಿ., 58 ಡಿಗ್ರಿ, ಹನ್ನೆರಡು ಗಂಟೆ. ಕೆ.ಜಿ. ಆಸುಪಾಸು ಸಿಗುತ್ತದೆ. ಕರೆಂಟು ಆರು ಯೂನಿಟ್, ಮೂವತ್ತೈದು ರೂಪಾಯಿ ಹಿಡಿಯಿರಿ. ತೊಳೆಯನ್ನು ಮೊದಲು ಎರಡು ನಿಮಿಷ ಒಂದು ನೀರಿನಲ್ಲಿ ಅದ್ದುತ್ತೇನೆ, ಬಣ್ಣ ಕಪ್ಪಾಗುವುದಿಲ್ಲ. ಆ ನೀರಿಗೆ ಏನು ಹಾಕುತ್ತೇನೆಂದು ನಾದಿನಿಗೂ ಹೇಳಿಲ್ಲ. ಒಣಗಿದ್ದನ್ನು ಗಾಜಿನ ಭರಣಿಯಲ್ಲಿ ಒಂದು ವಾರ ಇಟ್ಟು ದಿನಾ ಕುಲುಕುವುದು ಮಾತ್ರ ತಪ್ಪಿಸಬೇಡಿ. ಗಾಜಿನ ಒಳಗೆ ಬೆವರು ಕಂಡರೆ ವಾಪಸ್ ಟ್ರೇಗೆ.

ಮೊದಲ ವರ್ಷ ಮಿಷನ್ನನ್ನು ಉಗ್ರಾಣದಲ್ಲಿಟ್ಟು ಬಾಗಿಲು ಹಾಕಿದ್ದೆ. ಬಿಟ್ಟ ಹಬೆಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತಿತ್ತು, ಹದಿನೆಂಟು ಗಂಟೆಯಾದರೂ ಮುಗಿಯದು. ಗೋಡೆಯೂ ಒದ್ದೆ. ಈಗ ಜಗಲಿಯ ಕಿಟಕಿ ಪಕ್ಕ. ಇನ್ನೊಂದು ಪೆಟ್ಟು ಗೃಹಜ್ಯೋತಿಯ ಬಿಟ್ಟಿ ಕರೆಂಟಿನಲ್ಲಿ ಬಿತ್ತು. ಜುಲೈಯಲ್ಲಿ ಉತ್ಸಾಹದಿಂದ ಓಡಿಸಿ ಮೀಟರು 200 ಯೂನಿಟ್ ದಾಟಿದ್ದು ಗೊತ್ತೇ ಆಗಲಿಲ್ಲ. ಹೆಚ್ಚಿನ ಹತ್ತಕ್ಕಲ್ಲ, ಪೂರ್ತಿ ಬಿಲ್ಲು ಬಂತು, ಸಾವಿರದೈನೂರರ ಹತ್ತಿರ. ಆಮೇಲಿಂದ ಕ್ಯಾಲೆಂಡರಿನಲ್ಲಿ ಯೂನಿಟ್ ಬರೆದಿಡುತ್ತೇನೆ, ತಿಂಗಳಿಗೆ ಎಂಟು ಸಲಕ್ಕಿಂತ ಹೆಚ್ಚಿಲ್ಲ. ಅರ್ಧ ಒಣಗಿದಾಗ ಕರೆಂಟು ಹೋದರೆ ಟ್ರೇ ಸಮೇತ ಫ್ರಿಜ್ಜಿಗೆ ತುರುಕುತ್ತೇನೆ. ಒಳಗೆ ತಂಪು ಇರುವಷ್ಟು ಹೊತ್ತು ಹುಳಿಯುವುದಿಲ್ಲ.

ಉಳಿದ ಪ್ರಯೋಗಗಳಲ್ಲಿ ಸುಕೇಳಿ (ಒಣಗಿಸಿದ ಬಾಳೆಹಣ್ಣು) ಗೆದ್ದಿತು, ಬಸಳೆ ಕಾಗದವಾಯಿತು, ಬಾಳಕದ ಮೆಣಸು ಇಟ್ಟ ದಿನ ಮನೆಮಂದಿಯೆಲ್ಲ ಕೆಮ್ಮುತ್ತಾ ಅಂಗಳದಲ್ಲಿ ಊಟ ಮಾಡಿದೆವು. ಮಾವಿನಹಣ್ಣಿನ ರಸ ಒಣಗಿಸಿ ಮಾಡುವ ಮಾಂಬಳ ಮಾತ್ರ ಕೈಗೆ ಹತ್ತಿಲ್ಲ. ಬಟರ್ ಪೇಪರ್ ಮೇಲೆ ಹೊಯ್ದರೆ ಒಂದೇ ಪದರ, ರಬ್ಬರಿನ ಹಾಗೆ. ಅತ್ತೆ ಏಪ್ರಿಲ್ ಬಿಸಿಲಲ್ಲಿ ಚಾಪೆಯ ಮೇಲೆ ದಿನಕ್ಕೊಂದು ಪದರ ಹೊಯ್ಯುತ್ತಾರೆ, ಅದರ ರುಚಿ ಇದಕ್ಕೆ ಬರಲಿಲ್ಲ. ಅವರಿಗೆ ಇದು ಗೊತ್ತು, ಹೇಳುವುದನ್ನೂ ಬಿಡುವುದಿಲ್ಲ.