ಮಫ್ಲರ್ ಅಂಚು ನೇರವಾಗಿದ್ದು ಹೀಗೆ

ಬೆಳಗಾವಿಯ ಡಿಸೆಂಬರ್ ಚಳಿಗೆ ಅಂತ ಅವ್ವನಿಗೆ ಮಫ್ಲರ್ ಹೆಣೆಯಲು ಕೂತಿದ್ದೆ. ಒಂದು ಪಟ್ಟಿ ದಪ್ಪ ಉಣ್ಣೆ ದಾರ, ಮುಂದಿನದು ತೆಳು ಹತ್ತಿ ದಾರ. ಬಣ್ಣ ಚೆನ್ನಾಗಿ ಕೂಡಿತ್ತು. ಆದರೆ ಹತ್ತಿ ಬಂದಲ್ಲೆಲ್ಲ ಅಂಚು ಒಳಗೆ ಸರಿದು, ಒಂದೂವರೆ ಅಡಿಗೇ ಮಫ್ಲರ್ ಡೊಂಕಾಯಿತು.

ನನ್ನ ಕೈ ಬಿಗಿ ಅಂದುಕೊಂಡು ಎರಡು ಸಲ ಬಿಚ್ಚಿದೆ. ಬಹಳ ಬೇಜಾರಾಯಿತು. ಕೊನೆಗೆ ಸ್ಕೇಲ್ ಇಟ್ಟು ಎಣಿಸಿದೆ. 10 ಸೆಂಟಿಮೀಟರಿಗೆ ಉಣ್ಣೆಯಲ್ಲಿ 18 ಕುಣಿಕೆ, ಹತ್ತಿಯಲ್ಲಿ 23! ಅಂದರೆ 40 ಕುಣಿಕೆ ಹಾಕಿದರೆ ಉಣ್ಣೆ ಪಟ್ಟಿ 22 ಸೆಂಟಿಮೀಟರ್, ಹತ್ತಿಯದು ಬರೀ 17. ಅಂಚು ನೇರ ಬರುವುದಾದರೂ ಹೇಗೆ, ಅಲ್ವಾ?

ಹತ್ತಿಯ ಎರಡು ಎಳೆ ಜೋಡಿಸಿ, ಅದೇ 5 ಮಿಲಿಮೀಟರ್ ಕಡ್ಡಿಯಲ್ಲಿ ಅಂಗೈಯಗಲದ ತುಂಡು ಹೆಣೆದೆ. ಸರಿಯಾಗಿ 18 ಬಂತು.

ಆ ತುಂಡನ್ನು ಒಗೆದೂ ನೋಡಿ. ಬಿಸಿನೀರಲ್ಲಿ ಉಜ್ಜಿದರೆ ಉಣ್ಣೆ ಕುಗ್ಗಿ ಗಟ್ಟಿಯಾಗುತ್ತದೆ, ಹತ್ತಿ ಅಷ್ಟು ಕುಗ್ಗುವುದಿಲ್ಲ. ತಣ್ಣೀರಲ್ಲಿ ಅದ್ದಿ, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡಿದೆ. ತಂತಿಗೆ ಹಾಕಬೇಡಿ, ನೀರಿನ ಭಾರಕ್ಕೆ ಜೋತುಬೀಳುತ್ತದೆ.

ಅವ್ವನ ಮಫ್ಲರ್ ಈಗ 4 ಅಡಿ ಆಗಿದೆ. ಇನ್ನು ಕುಚ್ಚು ಕಟ್ಟಬೇಕು, ಎರಡೂ ದಾರ ಸೇರಿಸಿ.