ರೊಟೆನೋನ್ ತಿಂದ ನೊಣಕ್ಕೆ ಕರ್ಕ್ಯುಮಿನ್: ನಾನು ಪರೀಕ್ಷೆ ಮಾಡಿದ ಬಗೆ

ಪಾರ್ಕಿನ್ಸನ್ ಕಾಯಿಲೆಯನ್ನು ಆಂಟಿಆಕ್ಸಿಡೆಂಟ್ (ಜೀವಕೋಶಕ್ಕೆ ಆಕ್ಸಿಡೀಕರಣದಿಂದ ಆಗುವ ಹಾನಿ ತಗ್ಗಿಸುವ ವಸ್ತು) ತಡೆಯುತ್ತದಾ ಅಂತ ನೋಡೋಕೆ ನಾನು ಆರಿಸಿಕೊಂಡಿದ್ದು ಹಣ್ಣುನೊಣ, ಡ್ರೊಸೊಫಿಲಾ. ಮೈಸೂರಿನಲ್ಲಿ ಇದಕ್ಕೆ ತೊಂದರೆಯಿಲ್ಲ, ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ. ಊಟ ಅಂದರೆ ರವೆ, ಬೆಲ್ಲ, ಅಗರ್ ಹಾಕಿ ಕುದಿಸಿದ ಗಂಜಿ, ಬೂಸ್ಟು ಹಿಡಿಯದ ಹಾಗೆ ಸ್ವಲ್ಪ ಪ್ರೊಪಿಯೋನಿಕ್ ಆಸಿಡ್.

ಕಾಯಿಲೆಯ ಲಕ್ಷಣ ಬರಿಸೋದು ರೊಟೆನೋನ್. ಈ ವಿಷ ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಕಾಂಪ್ಲೆಕ್ಸ್ 1 ಅನ್ನೋ ಕಿಣ್ವವನ್ನು ತಡೆಯುತ್ತದೆ. ನಾನು ಪರೀಕ್ಷಿಸಿದ ಆಂಟಿಆಕ್ಸಿಡೆಂಟ್ ಕರ್ಕ್ಯುಮಿನ್, ಅಂದರೆ ಅರಿಶಿನದ ಹಳದಿ ಅಂಶ. ಅದು ನೀರಿನಲ್ಲಿ ಕರಗೋದಿಲ್ಲ, ಹಾಗಾಗಿ ಡಿಎಂಎಸ್‌ಒ ಅನ್ನೋ ದ್ರಾವಕದಲ್ಲಿ ಕರಗಿಸಿದೆ. ಏನೂ ಕೊಡದ ಗುಂಪಿನ ಊಟಕ್ಕೂ ಅಷ್ಟೇ ಡಿಎಂಎಸ್‌ಒ ಹಾಕಲೇಬೇಕು.

ಸೀಸೆಯನ್ನು ಮೆತ್ತಗೆ ಕುಟ್ಟಿದರೆ ನೊಣಗಳೆಲ್ಲ ತಳಕ್ಕೆ ಬೀಳುತ್ತವೆ. ಗಟ್ಟಿಮುಟ್ಟಾಗಿರುವವು ತಕ್ಷಣ ಗೋಡೆ ಹಿಡಿದು ಮೇಲೆ ಹತ್ತುತ್ತವೆ, ವಿಷ ತಿಂದವು ಸ್ವಲ್ಪ ಹತ್ತಿ ಜಾರುತ್ತವೆ, ಕೆಲವಂತೂ ಬೆನ್ನ ಮೇಲೆ ಬಿದ್ದು ಕಾಲು ಆಡಿಸುತ್ತಾ ಅಲ್ಲೇ ಉಳಿಯುತ್ತವೆ. 10 ಸೆಕೆಂಡಿನಲ್ಲಿ ಸೀಸೆಯ ಮೇಲೆ ಎಳೆದ ಗೆರೆ ದಾಟಿದವು ಎಷ್ಟು ಅಂತ ಎಣಿಸಬೇಕು. ಯಾವ ಸೀಸೆಯಲ್ಲಿ ಏನಿದೆ ಅಂತ ಎಣಿಸುವವರಿಗೆ ಗೊತ್ತಿರಬಾರದು, ಅದಕ್ಕೆ ಲೇಬಲ್ ಅಂಟಿಸೋ ಕೆಲಸ ಗೆಳತಿಗೆ ಒಪ್ಪಿಸಿದ್ದೆ.

ರೊಟೆನೋನ್ ಜೊತೆ ಕರ್ಕ್ಯುಮಿನ್ ಕೊಟ್ಟವು ಚೆನ್ನಾಗಿ ಹತ್ತಿದವು. ಖುಷಿಯಾಯಿತು, ಆದರೆ ನಂಬೋಕೆ ಅಷ್ಟು ಸಾಲದು. ಊಟದ ರುಚಿ ಬದಲಾಗಿ ನೊಣ ಕಮ್ಮಿ ತಿಂದರೆ ಹೊಟ್ಟೆಗೆ ಹೋಗುವ ವಿಷವೂ ಕಮ್ಮಿ, ಅಲ್ವಾ? ಅದಕ್ಕೆ ಗಂಜಿಗೆ ನೀಲಿ ಫುಡ್ ಕಲರ್ ಬೆರೆಸಿದೆ. ಸ್ವಲ್ಪ ಹೊತ್ತು ತಿನ್ನಲು ಬಿಟ್ಟು, ಆಮೇಲೆ ನೊಣಗಳನ್ನು ಅರೆದು, ತಿಳಿ ತೆಗೆದು, ನೀಲಿ ಎಷ್ಟಿದೆ ಅಂತ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಅಳೆದೆ. ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ ತಿಂದಿದ್ದವು. ಈ ಪರೀಕ್ಷೆ ಇಲ್ಲದ ನೊಣದ ಫಲಿತಾಂಶವನ್ನು ನಾನು ಈಗ ಒಪ್ಪೋದಿಲ್ಲ.

ಇನ್ನೊಂದು, ಔಷಧಿ ಯಾವಾಗ ಕೊಡುತ್ತೇವೆ ಅನ್ನೋದು. ಪ್ರಾಣಿಗಳಲ್ಲಿ ವಿಷಕ್ಕಿಂತ ಮೊದಲೇ ಅಥವಾ ಜೊತೆಗೇ ಕೊಡೋದು ಜಾಸ್ತಿ. ಮನುಷ್ಯ ಡಾಕ್ಟರ ಹತ್ತಿರ ಬರೋದೇ ಕೈ ನಡುಗಲು ಶುರುವಾದ ಮೇಲೆ, ಆ ಹೊತ್ತಿಗೆ ಚಲನೆಯನ್ನು ನಿಯಂತ್ರಿಸಲು ಬೇಕಾದ ಡೋಪಮೈನ್ ನರಕೋಶಗಳು ಎಷ್ಟೋ ಸತ್ತಿರುತ್ತವೆ. ಅಮೆರಿಕ ಮತ್ತು ಕೆನಡಾದಲ್ಲಿ 800 ರೋಗಿಗಳ ಮೇಲೆ ನಡೆದ ಡೇಟಾಟಾಪ್ ಅನ್ನೋ ಪರೀಕ್ಷೆಯಲ್ಲಿ ಇನ್ನೊಂದು ಆಂಟಿಆಕ್ಸಿಡೆಂಟ್ ಆದ ವಿಟಮಿನ್ ಇ ಪ್ರಯೋಜನಕ್ಕೆ ಬರಲಿಲ್ಲ ಅಂತ 1993ರಲ್ಲೇ ಪ್ರಕಟವಾಗಿದೆ. ಹಾಗಾಗಿ ನಾನು ಇನ್ನೊಂದು ಗುಂಪು ಇಟ್ಟೆ: ಮೊದಲು ರೊಟೆನೋನ್, ನೊಣ ಜಾರಲು ಶುರುವಾದ ಮೇಲಷ್ಟೇ ಕರ್ಕ್ಯುಮಿನ್. ಇಲ್ಲಿ ಸುಧಾರಣೆ ತೀರಾ ಕಮ್ಮಿ. ವರದಿಯಲ್ಲಿ ಈ ಗುಂಪಿನ ಗ್ರಾಫನ್ನೇ ಮೊದಲು ಹಾಕಿದ್ದೇನೆ.